ಕಗ್ಗತ್ತಲ ಯುದ್ಧಕಥೆಗಳಲ್ಲಿ ನಗು ಹುಟ್ಟುವುದು ಹೇಗೆ?

ಕೆಲವು ತಿಂಗಳಿಂದ ನಮ್ಮ ಮನೆಯಲ್ಲಿ ಒಂದು ದೃಶ್ಯ ಮತ್ತೆ ಮತ್ತೆ ಕಾಣಸಿಗುತ್ತಿದೆ. ಅಕ್ಕನ ಮಗ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಯಿಂದ ತಂದ ದಪ್ಪ ಕಾದಂಬರಿಯೊಂದನ್ನು ಹಿಡಿದು ಸೋಫಾದ ಮೂಲೆಯಲ್ಲಿ ಕುಳಿತಿರುತ್ತಾನೆ. ಮುಖಪುಟದಲ್ಲಿ ಹೊತ್ತಿ ಉರಿಯುವ ಊರು, ಕವಚ ತೊಟ್ಟ ಸೈನಿಕರು, ಕೆಂಪು ಆಕಾಶ. ಒಳಗೆ ಪುಟಪುಟಕ್ಕೂ ಸಾವು. ಹಾಗಿದ್ದೂ ಅವನು ಓದುತ್ತ ಓದುತ್ತ ತಟ್ಟನೆ ನಕ್ಕುಬಿಡುತ್ತಾನೆ. ಅಡುಗೆಮನೆಯಿಂದ ಅಕ್ಕ ಕೇಳುತ್ತಾಳೆ: “ಅಷ್ಟೊಂದ್ ಜನ ಸಾಯೋ ಕಥೇಲಿ ನಗೋದಕ್ಕೇನಿದೆಯೋ?”

ಈ ಪ್ರಶ್ನೆ ಅಕ್ಕನೊಬ್ಬಳದೇ ಅಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಲೇಖಕಿ ಮಾರ್ಥಾ ವೆಲ್ಸ್ ಅವರ ‘ಮರ್ಡರ್‌ಬಾಟ್’ ಕಥೆಗಳು ಆಪಲ್ ಟಿವಿಯಲ್ಲಿ ಧಾರಾವಾಹಿಯಾಗಿ ಬಂದ ಮೇಲೆ, ಈ ಬಗೆಯ ಸಾಹಿತ್ಯವನ್ನು ಎಂದೂ ಓದದವರೂ ಇದೇ ಪ್ರಶ್ನೆ ಕೇಳತೊಡಗಿದ್ದಾರೆ. ಆ ಕಥೆಯ ನಾಯಕ, ಕಾವಲಿಗೆಂದು ಬಂದೂಕು ಸಮೇತ ತಯಾರಾದ ಒಂದು ಯಂತ್ರಮಾನವ. ತನ್ನನ್ನು ಹದ್ದುಬಸ್ತಿನಲ್ಲಿಡುವ ಉಪಕರಣವನ್ನು ಅದು ತಾನೇ ಕೆಡಿಸಿಕೊಂಡು ಸ್ವತಂತ್ರವಾಗಿದೆ. ಇನ್ನು ಯಾರನ್ನು ಬೇಕಾದರೂ ಕೊಲ್ಲಬಹುದು. ಆದರೆ ಆ ಸ್ವಾತಂತ್ರ್ಯ ಸಿಕ್ಕ ಮೇಲೆ ಅದು ಮಾಡಿದ್ದೇನೆಂದರೆ, ಸುಮಾರು 35,000 ಗಂಟೆಗಳ ಕಾಲ ಧಾರಾವಾಹಿ, ಸಿನಿಮಾ, ಸಂಗೀತಗಳಲ್ಲಿ ಮುಳುಗಿಹೋಗಿದ್ದು. ಸಂಜೆ ಏಳಕ್ಕೆ ಟಿವಿ ಮುಂದೆ ಕೂರುವ ನಮ್ಮ ಅಕ್ಕನಿಗೆ ಈ ಯಂತ್ರದ ಮೇಲೆ ತಕ್ಷಣ ಅಕ್ಕರೆ ಹುಟ್ಟಿತು. ಹಾಗೆ ಹುಟ್ಟಿದ ಅಕ್ಕರೆಯೇ ಮುಂದಿನ ವಿವರಣೆಗೆಲ್ಲ ಬುಡ.

ಮೊದಲು ಕೆಲವು ಪದಗಳು

ಭವಿಷ್ಯದ ಸೈನ್ಯ, ಭವಿಷ್ಯದ ಆಯುಧ, ಭವಿಷ್ಯದ ರಣರಂಗ, ಇವನ್ನು ಕೇಂದ್ರದಲ್ಲಿಟ್ಟುಕೊಂಡು ಸೈನಿಕನ ಕಣ್ಣಿನಿಂದ ಹೇಳುವ ವಿಜ್ಞಾನ ಕಾದಂಬರಿಗೆ ‘ಮಿಲಿಟರಿ ಸೈನ್ಸ್ ಫಿಕ್ಷನ್’ ಎಂಬ ಹೆಸರಿದೆ. ಕನ್ನಡದಲ್ಲಿ ಇದನ್ನು ಸೈನಿಕ ವಿಜ್ಞಾನ ಕಥೆ ಎನ್ನಬಹುದು. 1959ರಲ್ಲಿ ರಾಬರ್ಟ್ ಹೈನ್‌ಲೈನ್ ಬರೆದ ‘ಸ್ಟಾರ್‌ಶಿಪ್ ಟ್ರೂಪರ್ಸ್’ ಈ ಪ್ರಕಾರಕ್ಕೆ ಒಂದು ಗಟ್ಟಿ ಚೌಕಟ್ಟು ಕೊಟ್ಟಿತು: ಸೇರ್ಪಡೆ, ಕಠಿಣ ತರಬೇತಿ, ಮೊದಲ ಯುದ್ಧ, ಬಡ್ತಿ, ಮತ್ತೆ ಯುದ್ಧ. ಆಮೇಲೆ ಬಂದ ಬಹಳಷ್ಟು ಲೇಖಕರು ಇದೇ ಚೌಕಟ್ಟನ್ನು ಒಪ್ಪಿಯೋ ಮುರಿದೋ ಬರೆದವರು.

ಇನ್ನೊಂದು ಪದ ‘ಗ್ರಿಮ್‌ಡಾರ್ಕ್’. ಇದು ಹುಟ್ಟಿದ್ದು ‘ವಾರ್‌ಹ್ಯಾಮರ್ 40,000’ ಎಂಬ ಆಟದಿಂದ. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ 1987ರಲ್ಲಿ ಹೊರತಂದ ಈ ಆಟವನ್ನು ಮೇಜಿನ ಮೇಲೆ ಪುಟ್ಟ ಬೊಂಬೆಸೈನ್ಯಗಳನ್ನು ಜೋಡಿಸಿ ಆಡುತ್ತಾರೆ. ದೂರದ ಭವಿಷ್ಯದ ಕರಾಳ ಕತ್ತಲಲ್ಲಿ ಯುದ್ಧವೊಂದೇ ಉಳಿದಿದೆ ಎನ್ನುವುದು ಅದರ ಘೋಷವಾಕ್ಯ. ಅದರೊಳಗಿನ ಎರಡು ಇಂಗ್ಲಿಷ್ ಪದಗಳು ಬೆಸೆದು ಈ ಹೆಸರಾಯಿತು. ಆಟದ ಸುತ್ತ ನೂರಾರು ಕಾದಂಬರಿಗಳು ಬೆಳೆದಿವೆ. ಒಳ್ಳೆಯವರು ಗೆಲ್ಲುತ್ತಾರೆ ಎಂಬ ಭರವಸೆಯೇ ಇಲ್ಲದ, ಯಾರ ಸಾವಿಗೂ ಲೆಕ್ಕವಿಲ್ಲದ ಲೋಕವನ್ನು ಚಿತ್ರಿಸುವ ಕಥೆಗಳನ್ನೆಲ್ಲ ಈಗ ಆ ಹೆಸರಿನಿಂದ ಕರೆಯುತ್ತಾರೆ. ಈ ಲೇಖನದಲ್ಲಿ ನಾನು ‘ಕರಾಳ’ ಎನ್ನುವಾಗ ಅದನ್ನೇ ಹೇಳುತ್ತಿದ್ದೇನೆ.

ಮೂರನೆಯ ಪದ ‘ಸರಣಿ’. ಇದು ಎಲ್ಲರಿಗೂ ಗೊತ್ತಿರುವ ಪದವೇ. ಆದರೆ ನಗುವಿನ ವಿಷಯಕ್ಕೆ ಬಂದಾಗ ಈ ಮೂರರಲ್ಲಿ ಹೆಚ್ಚು ಕೆಲಸ ಮಾಡುವುದು ಇದೇ.

ಉತ್ತರಕುಮಾರನ ಪೌರುಷ

ಯುದ್ಧದ ಕಥೆಯ ನಡುವೆ ನಗು ಕನ್ನಡಿಗರಿಗೆ ಹೊಸದಲ್ಲ. ಒಲೆಯ ಮುಂದೆ ಉತ್ತರನ ಪೌರುಷ ಎಂಬ ಮಾತನ್ನು ಮಹಾಭಾರತವನ್ನೇ ಓದದವರೂ ಆಡುತ್ತಾರೆ. ಕುಮಾರವ್ಯಾಸನ ವಿರಾಟಪರ್ವದಲ್ಲಿ ಕೌರವರು ದನಗಳನ್ನು ಹಿಡಿದರೆಂಬ ಸುದ್ದಿ ಅರಮನೆಗೆ ಬಂದಾಗ, ಉತ್ತರ ಹೆಂಗಳೆಯರ ನಡುವೆ ಕುಳಿತು ಬಡಾಯಿ ಕೊಚ್ಚುತ್ತಾನೆ. ತಾನು ಯಾರೊಡನೆ ತಾನೆ ಕಾದುವುದು, ಎದುರಿಗಿರುವವರಲ್ಲಿ ಕೆಲವರು ಹಾರುವರು, ಕೆಲವರು ಯಮನ ನೆರೆಯೂರಿನವರು ಎಂದು ದ್ರೋಣ, ಭೀಷ್ಮರಂಥವರನ್ನು ಒಂದೇ ಉಸಿರಿನಲ್ಲಿ ತಳ್ಳಿಹಾಕುತ್ತಾನೆ. ಮುದುಕರನ್ನು ‘ಅಂತಕನ ನೆರೆಯೂರವರು’ ಎಂದು ಕರೆದ ಆ ಮಾತಿಗೆ ಇಂದಿಗೂ ಗಮಕದ ಸಭೆಯಲ್ಲಿ ನಗು ಏಳುತ್ತದೆ. ಆಮೇಲೆ ಸೈನ್ಯ ಕಣ್ಣಿಗೆ ಬಿದ್ದದ್ದೇ ತಡ, ಅದೇ ವೀರ ರಥದಿಂದ ಧುಮುಕಿ ಓಡುತ್ತಾನೆ. ಹೆಣ್ಣುಡುಗೆಯ ಬೃಹನ್ನಳೆ, ಅಂದರೆ ಅರ್ಜುನ, ಜಡೆ ಹಾರಿಸಿಕೊಂಡು ಅವನ ಬೆನ್ನಟ್ಟುತ್ತಾನೆ.

ಈ ಪ್ರಸಂಗ ಎಲ್ಲಿ ಬರುತ್ತದೆ ಎಂಬುದನ್ನು ಗಮನಿಸಬೇಕು. ಹಿಂದೆ ದ್ಯೂತ, ವಸ್ತ್ರಾಪಹರಣ, ವನವಾಸ, ಮುಂದೆ ಕುರುಕ್ಷೇತ್ರ. ಎರಡು ಕತ್ತಲುಗಳ ನಡುವಿನ ಈ ಓಟವನ್ನು ಕವಿ ಅಲ್ಲಿಗೇ ಬಿಡುವುದಿಲ್ಲ. ಉತ್ತರನ ಮುಂದಿನ ಕಥೆಗೆ ನಾವು ಕೊನೆಯಲ್ಲಿ ಮರಳೋಣ.

ವೈರಿ ರಸಗಳು ಒಂದೇ ಮನೆಯಲ್ಲಿ

ನಮ್ಮ ಕಾವ್ಯಮೀಮಾಂಸೆ ಈ ವಿಷಯವನ್ನು ಬಹಳ ಹಿಂದೆಯೇ ಚರ್ಚಿಸಿದೆ. ಭರತನ ನಾಟ್ಯಶಾಸ್ತ್ರ ಎಂಟು ರಸಗಳಲ್ಲಿ ಹಾಸ್ಯವನ್ನೂ ಎಣಿಸುತ್ತದೆ. ತುಟಿಯಂಚಿನ ‘ಸ್ಮಿತ’ದಿಂದ ಹಿಡಿದು ಹೊಟ್ಟೆ ಹಿಡಿದುಕೊಳ್ಳುವ ‘ಅತಿಹಸಿತ’ದವರೆಗೆ ನಗುವನ್ನು ಆರು ಬಗೆಯಾಗಿ ವಿಂಗಡಿಸುತ್ತದೆ. ಮುಂದಿನ ಆಲಂಕಾರಿಕರು ಕೆಲವು ರಸಗಳು ಒಂದಕ್ಕೊಂದು ವಿರೋಧಿಗಳು ಎಂದರು. ಆ ಪಟ್ಟಿಯಲ್ಲಿ ಹಾಸ್ಯಕ್ಕೆ ವೈರಿಗಳೆಂದರೆ ಭಯಾನಕ ಮತ್ತು ಕರುಣ. ಕರಾಳ ಯುದ್ಧಕಥೆ ತುಂಬಿರುವುದು ಈ ಎರಡರಿಂದಲೇ. ಅಂದರೆ ಅಕ್ಕನ ಪ್ರಶ್ನೆಗೆ ಶಾಸ್ತ್ರದ ಬೆಂಬಲವಿದೆ.

ಆದರೆ ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ಇದಕ್ಕೆ ದಾರಿಯನ್ನೂ ತೋರಿಸಿದ್ದಾನೆ. ವಿರೋಧಿ ರಸವೊಂದು ಮುಖ್ಯ ರಸಕ್ಕೆ ಸಮನಾಗಿ ನಿಂತರೆ ಕಾವ್ಯ ಕೆಡುತ್ತದೆ. ಅದು ಮುಖ್ಯ ರಸಕ್ಕೆ ಅಂಗವಾಗಿ, ಅದರ ಕೈಕೆಳಗೆ ನಿಂತರೆ ಮುಖ್ಯ ರಸವೇ ಪುಷ್ಟವಾಗುತ್ತದೆ. ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ, ನಾವು ಹುಳಿಗೆ ಒಂದು ಚೂರು ಬೆಲ್ಲ ಹಾಕುತ್ತೇವೆ. ಬೆಲ್ಲ ಬಿದ್ದ ಹುಳಿ ಪಾಯಸವಾಗುವುದಿಲ್ಲ, ಅದರ ಹುಳಿ ಖಾರಗಳು ಇನ್ನಷ್ಟು ಎದ್ದು ನಿಲ್ಲುತ್ತವೆ. ಉಂಡವರಿಗೆ ಬೆಲ್ಲದ ನೆನಪೂ ಇರುವುದಿಲ್ಲ. ಒಳ್ಳೆಯ ಕರಾಳ ಕಾದಂಬರಿಯಲ್ಲಿ ನಗು ಬೀಳುವ ಪ್ರಮಾಣ ಅಷ್ಟು. ಪ್ರಮಾಣ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಆಕಾಶದಷ್ಟು ಯುದ್ಧ, ಅಂಗೈಯಷ್ಟು ತೊಂದರೆ

ಸಾವಿರ ಜನ ಸೇರಿದ ಕಲ್ಯಾಣಮಂಟಪದಲ್ಲಿ, ವಾಲಗ ಮೊಳಗುತ್ತಿರುವಾಗ, ಹೋಮ ಹೊತ್ತಿಸಲು ಬೆಂಕಿಪೊಟ್ಟಣವೊಂದೇ ಸಿಗದೆ ಎಲ್ಲರೂ ತಡಕಾಡುವುದನ್ನು ಯಾರು ನೋಡಿಲ್ಲ? ದೊಡ್ಡ ವ್ಯವಸ್ಥೆ ಚಿಕ್ಕ ಸಂಗತಿಯೊಂದರ ಮುಂದೆ ಮುಗ್ಗರಿಸಿದಾಗ ನಗು ತಾನಾಗಿ ಬರುತ್ತದೆ. ಸೈನಿಕ ವಿಜ್ಞಾನ ಕಥೆಯಲ್ಲಿ ದೊಡ್ಡದು ಎನ್ನುವುದಕ್ಕೆ ಮಿತಿಯೇ ಇಲ್ಲ: ಸಾವಿರಾರು ಗ್ರಹಗಳು, ನೂರಾರು ವರ್ಷಗಳು. ಆದ್ದರಿಂದ ಅಲ್ಲಿ ಚಿಕ್ಕದರ ಮುಂದೆ ಮುಗ್ಗರಿಸುವುದೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಇದನ್ನು ನನಗೆ ಗೊತ್ತಿರುವವರಲ್ಲಿ ಅತ್ಯಂತ ಚೆನ್ನಾಗಿ ಬಳಸಿದವರು ಜೋ ಹಾಲ್ಡಮನ್. ಭೌತಶಾಸ್ತ್ರ, ಖಗೋಳಶಾಸ್ತ್ರಗಳನ್ನು ಓದಿದ ಈ ಅಮೆರಿಕನ್ ಯುವಕನನ್ನು 1967ರಲ್ಲಿ ಕಡ್ಡಾಯ ಸೇನಾಸೇವೆಗೆ ಎಳೆದುಕೊಂಡರು. ವಿಯೆಟ್ನಾಂನಲ್ಲಿ ಅವರು ಮಾಡಿದ್ದು ಯುದ್ಧ ಎಂಜಿನಿಯರನ, ಅಂದರೆ ಸೇತುವೆ ಕಟ್ಟುವ, ಸಿಡಿಮದ್ದು ನಿಭಾಯಿಸುವ ಸೈನಿಕನ ಕೆಲಸ. ನಮ್ಮ ಹಲಸೂರು ಕೆರೆಯ ಬಳಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾಪಡೆ ಮಾಡುವುದೂ ಅದೇ ಕಸುಬು. ಅಲ್ಲಿ ತೀವ್ರವಾಗಿ ಗಾಯಗೊಂಡು ಮರಳಿದ ಹಾಲ್ಡಮನ್ 1974ರಲ್ಲಿ ‘ದಿ ಫಾರೆವರ್ ವಾರ್’ ಪ್ರಕಟಿಸಿದರು. ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೊ, ನೆಬ್ಯುಲಾ ಎರಡೂ ಪ್ರಶಸ್ತಿಗಳು ಅದಕ್ಕೆ ಬಂದವು. ಮುಂದೆ ಅದರ ಉತ್ತರಭಾಗವೂ ಬಂತು.

ಆ ಕಾದಂಬರಿ ತೆರೆದುಕೊಳ್ಳುವುದು ಒಂದು ತರಗತಿಯಲ್ಲಿ. ಸದ್ದಿಲ್ಲದೆ ಮನುಷ್ಯನನ್ನು ಕೊಲ್ಲುವ ಎಂಟು ವಿಧಾನಗಳನ್ನು ಇಂದು ಹೇಳಿಕೊಡುತ್ತೇವೆ ಎಂದು ಸಾರ್ಜೆಂಟ್ ಘೋಷಿಸುತ್ತಾನೆ. ಭೀಕರವಾದ ಮಾತು. ಕೇಳುತ್ತ ಕುಳಿತ ನಾಯಕ ಮಾತ್ರ ಮನಸ್ಸಿನಲ್ಲೇ ಸಾರ್ಜೆಂಟನ ವಯಸ್ಸನ್ನು ಲೆಕ್ಕ ಹಾಕುತ್ತಾನೆ: ಈತ ತನಗಿಂತ ಐದು ವರ್ಷ ದೊಡ್ಡವನಿದ್ದರೆ ಹೆಚ್ಚು, ಹಾಗಾದರೆ ಸದ್ದು ಮಾಡಿಯೋ ಮಾಡದೆಯೋ ಈತ ಯುದ್ಧದಲ್ಲಿ ಯಾರನ್ನಾದರೂ ಕೊಂದಿದ್ದರೆ, ಹಾಲು ಕುಡಿಯುವ ಕೂಸಾಗಿದ್ದಾಗಲೇ ಕೊಂದಿರಬೇಕು. ಇಷ್ಟರಲ್ಲೇ ಓದುಗನಿಗೆ ಮೂರು ಸಂಗತಿಗಳು ತಿಳಿದುಬಿಡುತ್ತವೆ. ಕಲಿಸುವವನಿಗೂ ಯುದ್ಧ ಗೊತ್ತಿಲ್ಲ, ಕಲಿಯುವವನು ಬುದ್ಧಿವಂತ, ಇಷ್ಟು ಬುದ್ಧಿ ಇದ್ದೂ ಅವನು ಆ ಬೆಂಚಿನಿಂದ ಎದ್ದು ಹೋಗುವಂತಿಲ್ಲ. ಇನ್ನೂ ಒಂದು ಸಂಗತಿ ಸ್ವಲ್ಪ ಹೊತ್ತಿನಲ್ಲಿ ತಿಳಿಯುತ್ತದೆ: ಶತ್ರುಗಳು ಬೇರೆ ಲೋಕದವರು, ಅವರನ್ನು ಇದುವರೆಗೆ ಯಾರೂ ನೋಡಿಯೇ ಇಲ್ಲ. ಮನುಷ್ಯನನ್ನು ಕೊಲ್ಲುವ ಎಂಟು ವಿಧಾನಗಳು ಅವರ ಮೇಲೆ ನಡೆಯುತ್ತವೆಯೋ ಇಲ್ಲವೋ ಯಾರಿಗೆ ಗೊತ್ತು?

ಮುಂದಿನ ನಗು ಭೌತಶಾಸ್ತ್ರದ್ದು. ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ಪಯಣಿಸುವವರಿಗೆ ಕಾಲ ನಿಧಾನವಾಗಿ ಸಾಗುತ್ತದೆ ಎಂಬುದು ಐನ್‌ಸ್ಟೈನ್ ತೋರಿಸಿದ ಸತ್ಯ. ಭಾಗವತದ ಕಕುದ್ಮಿರಾಜನ ಕಥೆ ಬಲ್ಲವರಿಗೆ ಇದು ಸುಲಭ. ಮಗಳಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋದ ರಾಜ ಅಲ್ಲೊಂದು ಗಾನ ಮುಗಿಯುವವರೆಗೆ ಕಾದ; ಅಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಉರುಳಿ, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರಗಳು, ಅವರ ಮೊಮ್ಮಕ್ಕಳು ಎಲ್ಲರೂ ಇಲ್ಲವಾಗಿದ್ದರು. ಹಾಲ್ಡಮನ್ನರ ಸೈನಿಕರಿಗೂ ಇದೇ ಗತಿ. ತಮ್ಮ ಲೆಕ್ಕದಲ್ಲಿ ಅಲ್ಪಕಾಲದ ಯುದ್ಧ ಮುಗಿಸಿ ಬಂದರೆ ಊರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿದೆ, ಆ ವರ್ಷಗಳ ಬಾಕಿ ಸಂಬಳವೆಲ್ಲ ಸೇರಿ ಅವರು ಹಣವಂತರಾಗಿದ್ದಾರೆ. ಅರಿಯರ್ಸ್ ಎಂದರೆ ಕಿವಿ ನಿಮಿರುವ ನೌಕರರಿಗೆ ಇದು ನಗು ತರಿಸುತ್ತದೆ. ಆ ಹಣವನ್ನು ಹಂಚಿಕೊಳ್ಳಲು ಹೊರಟಾಗ ತಾವು ಬಿಟ್ಟುಹೋದ ಲೋಕವೇ ಕೈತಪ್ಪಿಹೋಗಿದೆ ಎಂದು ತಿಳಿದಾಗ ಆ ನಗು ಗಂಟಲಲ್ಲೇ ನಿಲ್ಲುತ್ತದೆ. ಕೊನೆಯ ಭಾಗದಲ್ಲಿ ಒಂದು ವಿಶೇಷ ವಲಯ ಬರುತ್ತದೆ. ಅದರೊಳಗೆ ಒಂದು ಮಿತಿಗಿಂತ ವೇಗವಾಗಿ ಏನೂ ಚಲಿಸಲಾರದು, ಆದ್ದರಿಂದ ಆಧುನಿಕ ಆಯುಧಗಳೆಲ್ಲ ವ್ಯರ್ಥ. ನಕ್ಷತ್ರಗಳನ್ನು ದಾಟಿ ಬಂದ ಸೈನಿಕರು ಅಲ್ಲಿ ಕತ್ತಿ, ಬಿಲ್ಲು, ಬಾಣ ಹಿಡಿಯುತ್ತಾರೆ. ಇಷ್ಟು ದೂರ ಬಂದದ್ದು ಕುರುಕ್ಷೇತ್ರಕ್ಕೇ ಮರಳಲೇ ಎಂದು ನಮಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ನಿಯಮದ ಸುಳಿ

ಇಂಥ ನಗುವಿಗೆ ವಿಜ್ಞಾನ ಕಥೆಯಾಚೆ ಒಬ್ಬ ಹಿರಿಯ ಬಂಧುವಿದ್ದಾನೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿ 60 ಬಾರಿ ಹಾರಿದ ಜೋಸೆಫ್ ಹೆಲರ್ 1961ರಲ್ಲಿ ‘ಕ್ಯಾಚ್-22’ ಬರೆದರು. ಅದರ ನಿಯಮ ಹೀಗಿದೆ: ಹುಚ್ಚು ಹಿಡಿದವನಿಗೆ ಹಾರಾಟದಿಂದ ವಿನಾಯಿತಿ ಉಂಟು, ಆದರೆ ಅವನೇ ಕೇಳಬೇಕು, ಪ್ರಾಣಭಯದಿಂದ ವಿನಾಯಿತಿ ಕೇಳಿದವನ ಬುದ್ಧಿ ನೆಟ್ಟಗಿದೆ ಎಂದಾಯಿತು, ಆದ್ದರಿಂದ ವಿನಾಯಿತಿ ಇಲ್ಲ. ವಿಳಾಸದ ದಾಖಲೆಗೆ ಗುರುತಿನ ಚೀಟಿ ತನ್ನಿ, ಗುರುತಿನ ಚೀಟಿಗೆ ವಿಳಾಸದ ದಾಖಲೆ ತನ್ನಿ ಎಂಬ ಸುಳಿಯಲ್ಲಿ ಒಮ್ಮೆಯಾದರೂ ಸಿಕ್ಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ಕಳೆದುಹೋಗುವುದು ಅರ್ಧ ದಿನ, ಅಲ್ಲಿ ಜೀವ.

ಓಡುವವನೇ ಕಾವಲುಗಾರನಾದಾಗ

ಮತ್ತೆ ವಾರ್‌ಹ್ಯಾಮರ್ ಲೋಕಕ್ಕೆ ಬರೋಣ. ಅಲ್ಲಿನ ಸೈನ್ಯದಲ್ಲಿ ‘ಕಮಿಸಾರ್’ ಎಂಬ ಅಧಿಕಾರಿಗಳಿದ್ದಾರೆ. ಸೈನಿಕರ ಎದೆಗಾರಿಕೆಯನ್ನು ಕಾಯುವುದು, ರಣರಂಗದಿಂದ ಓಡುವವನನ್ನು ಅಲ್ಲೇ ಗುಂಡಿಕ್ಕುವುದು ಅವರ ಕೆಲಸ. ಸ್ಯಾಂಡಿ ಮಿಚೆಲ್ ಎಂಬ ಹೆಸರಿನಲ್ಲಿ ಬರುವ ಸರಣಿಯೊಂದರ ನಾಯಕ ಕೈಫಸ್ ಕೇನ್ ಇಂಥ ಒಬ್ಬ ಕಮಿಸಾರ್. ಮೊದಲ ಕಾದಂಬರಿ ‘ಫಾರ್ ದಿ ಎಂಪರರ್’ ಬಂದದ್ದು 2003ರಲ್ಲಿ. ಲೋಕವೆಲ್ಲ ಕೇನನನ್ನು ಮಹಾವೀರನೆಂದು ಕೊಂಡಾಡುತ್ತದೆ. ಅವನ ಗುಪ್ತ ಆತ್ಮಕಥೆ ಓದುವ ನಮಗೆ ಮಾತ್ರ ಗೊತ್ತು, ಅವನ ಒಂದೇ ಗುರಿ ತನ್ನ ಜೀವ ಉಳಿಸಿಕೊಳ್ಳುವುದು. ಓಡುವವರನ್ನು ಕೊಲ್ಲಬೇಕಾದವನೇ ಓಡುವ ದಾರಿ ಹುಡುಕುತ್ತಿದ್ದಾನೆ! ಅವನು ಸುರಕ್ಷಿತವೆಂದು ಆರಿಸಿಕೊಂಡ ಮೂಲೆಯೇ ಪ್ರತಿ ಸಲವೂ ಶತ್ರುಗಳ ಬಾಯಾಗುತ್ತದೆ. ಬದುಕುಳಿಯಲು ಅವನು ಮಾಡುವ ಸಾಹಸವೇ ಕೀರ್ತಿಯಾಗಿ, ಆ ಕೀರ್ತಿಯೇ ಅವನನ್ನು ಇನ್ನೂ ಅಪಾಯದ ಜಾಗಕ್ಕೆ ತಳ್ಳುತ್ತದೆ.

ಉತ್ತರಕುಮಾರನ ಪಕ್ಕದಲ್ಲಿ ಕೇನನನ್ನು ನಿಲ್ಲಿಸಿದರೆ ಈ ಹಾಸ್ಯದ ರಚನೆ ಸ್ಪಷ್ಟವಾಗುತ್ತದೆ. ಉತ್ತರ ಬಾಯಲ್ಲಿ ವೀರ, ಕಾಲಲ್ಲಿ ಹೇಡಿ. ಕೇನ್ ತನ್ನ ಬರವಣಿಗೆಯಲ್ಲಿ ಹೇಡಿ, ನಡೆಯಲ್ಲಿ ಪ್ರತಿ ಸಲವೂ ವೀರ. ಇಬ್ಬರಲ್ಲೂ ಮಾತು ಮತ್ತು ನಡೆಗಳ ನಡುವೆ ಒಂದು ಅಂತರವಿದೆ, ನಗು ಹುಟ್ಟುವುದು ಆ ಅಂತರದಲ್ಲಿ.

ಈ ಸರಣಿಯ ಇನ್ನೊಂದು ಸೊಗಸು ಅಡಿಟಿಪ್ಪಣಿಗಳದು. ಕೇನನ ಆತ್ಮಕಥೆಯನ್ನು ಸಂಪಾದಿಸುವವಳು ಆಂಬರ್ಲಿ ವೇಲ್ ಎಂಬ ಇನ್ನೊಂದು ಪಾತ್ರ. ಅವಳಿಗೆ ಅವನು ಹತ್ತಿರದಿಂದ ಗೊತ್ತು. ಅವನು ಒಂದು ಮಾತು ಬರೆದರೆ ಕೆಳಗೆ ಅವಳು ತಿದ್ದುತ್ತಾಳೆ, ಕೆಣಕುತ್ತಾಳೆ, ಅವನು ಬಿಟ್ಟ ಯುದ್ಧದ ವಿವರಗಳನ್ನು ಬೇರೆ ಕಡತಗಳಿಂದ ತಂದು ಸೇರಿಸುತ್ತಾಳೆ. ಗಂಡ ಹೇಳುವ ಕಥೆಗೆ ಹೆಂಡತಿ ನಡುನಡುವೆ ತಿದ್ದುಪಡಿ ಹಾಕುವುದನ್ನು ಕೇಳಿದವರಿಗೆ ಆ ಲಯ ಪರಿಚಿತ. ಆದರೆ ಟಿಪ್ಪಣಿಗಳು ನಗಿಸುತ್ತಲೇ ಒಂದು ಗಂಭೀರ ಪ್ರಶ್ನೆಯನ್ನೂ ಬಿತ್ತುತ್ತವೆ: ತನ್ನನ್ನು ಹೇಡಿ ಎಂದುಕೊಳ್ಳುವ ಈ ಮನುಷ್ಯ ನಿಜಕ್ಕೂ ಹೇಡಿಯೇ, ಅಥವಾ ಭಯಪಡುವುದೇ ಹೇಡಿತನ ಎಂದು ತಪ್ಪು ತಿಳಿದವನೇ? ಸರಣಿ ಇದನ್ನು ತೀರ್ಮಾನಿಸದೆ ಬಿಡುತ್ತದೆ. ಹಾಗೆ ಬಿಟ್ಟಿದ್ದೇ ಸರಿ ಎಂದು ನನ್ನ ಎಣಿಕೆ.

ನಿಜದ ಸೈನಿಕರು ನಕ್ಕಿದ್ದು

ಇದೆಲ್ಲ ಕಾದಂಬರಿಕಾರರ ಕಲ್ಪನೆ ಎಂದು ತಳ್ಳಿಹಾಕುವಂತಿಲ್ಲ. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಈಪರ್ ಪಟ್ಟಣ ಫಿರಂಗಿಗಳಿಗೆ ಸಿಕ್ಕು ಪುಡಿಯಾಗಿತ್ತು. ಆ ಹೆಸರನ್ನು ಉಚ್ಚರಿಸಲಾಗದ ಬ್ರಿಟಿಷ್ ಸೈನಿಕರು ಅದನ್ನು ‘ವೈಪರ್ಸ್’ ಎನ್ನುತ್ತಿದ್ದರು. ಅವಶೇಷಗಳಲ್ಲಿ ಸಿಕ್ಕ ಮುದ್ರಣಯಂತ್ರವೊಂದನ್ನು ದುರಸ್ತಿ ಮಾಡಿಕೊಂಡು ಅವರಲ್ಲಿ ಕೆಲವರು 1916ರ ಫೆಬ್ರವರಿಯಲ್ಲಿ ‘ದಿ ವೈಪರ್ಸ್ ಟೈಮ್ಸ್’ ಎಂಬ ಪತ್ರಿಕೆ ಆರಂಭಿಸಿದರು. ಅದರಲ್ಲಿ ಸುಳ್ಳು ಜಾಹೀರಾತುಗಳಿದ್ದವು. ಒಂದರಲ್ಲಿ ‘ಹಿಲ್ 60’ ಎಂಬ ದಿಬ್ಬದ ಮೇಲೆ ಮನೆ ಕಟ್ಟಲು ನಿವೇಶನ ಮಾರಾಟಕ್ಕಿದೆ, ಒಳ್ಳೆಯ ಗಾಳಿ, ಐತಿಹಾಸಿಕ ಪಟ್ಟಣದ ಸುಂದರ ನೋಟ ಎಂದು ವರ್ಣಿಸಲಾಗಿತ್ತು. ಬೆಂಗಳೂರಿನ ಹೊರವಲಯದ ಪ್ರತಿ ಬಡಾವಣೆಯ ಫಲಕದಲ್ಲೂ ಈ ಧಾಟಿಯನ್ನು ಕಾಣಬಹುದು. ಆದರೆ ಹಿಲ್ 60 ಎಂದರೆ ಸುರಂಗ, ಸಿಡಿಮದ್ದು, ವಿಷಾನಿಲಗಳ ನಡುವೆ ಎರಡೂ ಕಡೆಯ ಸೈನಿಕರು ರಾಶಿರಾಶಿಯಾಗಿ ಸತ್ತ ಜಾಗ. ಜಾಹೀರಾತು ಬರೆದವರೂ ಓದಿದವರೂ ಆ ದಿಬ್ಬವನ್ನು ಕಣ್ಣಾರೆ ಕಂಡವರು.

ಇಂಥ ನಗುವಿಗೆ ಜರ್ಮನ್ ಭಾಷೆಯಲ್ಲಿ ಗಲ್ಲುಗಂಬದ ಹಾಸ್ಯ ಎಂಬರ್ಥದ ಪದವಿದೆ. ಸಿಗ್ಮಂಡ್ ಫ್ರಾಯ್ಡ್ 1927ರ ಪ್ರಬಂಧವೊಂದರಲ್ಲಿ ಇದಕ್ಕೆ ಉದಾಹರಣೆ ಕೊಡುತ್ತಾನೆ: ಸೋಮವಾರ ಗಲ್ಲಿಗೆ ಕರೆದೊಯ್ಯುತ್ತಿದ್ದ ಕೈದಿ, ವಾರ ಚೆನ್ನಾಗಿಯೇ ಶುರುವಾಯಿತು ಎಂದನಂತೆ. ಹೊರಗಿನ ಲೋಕ ಏನು ಮಾಡಿದರೂ ಒಳಗಿನ ನಾನು ಸೋಲಲೊಪ್ಪುವುದಿಲ್ಲ ಎಂಬ ಹಟ ಅದರಲ್ಲಿದೆ ಎನ್ನುವುದು ಫ್ರಾಯ್ಡನ ವಿವರಣೆ. ಇದರಲ್ಲಿ ಸಾವನ್ನು ಹಗುರವಾಗಿ ಕಾಣುವುದೇನೂ ಇಲ್ಲ. ಸಾವಿನ ಕೈಯಲ್ಲಿ ತನ್ನ ಕೊನೆಯ ಮಾತನ್ನೂ ಕೊಡಲು ಒಪ್ಪದಿರುವುದು ಇದೆ.

ನಾವು ಚಿಕ್ಕವರಿದ್ದಾಗ ಹಲಸೂರಿನ ನಮ್ಮ ಮನೆಯ ಪಕ್ಕದಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದರು. ಯುದ್ಧದ ಬಗ್ಗೆ ಅವರು ನಮಗೆ ಹೇಳುತ್ತಿದ್ದುದು ಒಂದೇ ಕಥೆ. ಗಡಿಯ ಹತ್ತಿರ ಒಂದು ರಾತ್ರಿ ದೀಪ ಹಚ್ಚುವಂತಿರಲಿಲ್ಲವಂತೆ. ಅವರ ಗೆಳೆಯ ಕತ್ತಲಲ್ಲಿ ಚಹಾ ಮಾಡಿ, ಸಕ್ಕರೆಯೆಂದು ಉಪ್ಪು ಸುರಿದನಂತೆ. ಸದ್ದು ಮಾಡುವಂತಿಲ್ಲವಾದ್ದರಿಂದ ಯಾರೂ ಬೈಯಲಾಗದೆ ಹನ್ನೆರಡು ಜನ ಉಪ್ಪುಚಹಾ ಕುಡಿದರಂತೆ. ಒಬ್ಬೊಬ್ಬರ ಮುಖ ಹೇಗಾಯಿತೆಂದು ಅವರು ಅಭಿನಯಿಸಿ ತೋರಿಸುವಾಗ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಒಮ್ಮೆ ನಾನು, “ತಾತಾ, ಆ ಚಹಾ ಮಾಡಿದ ತಾತ ಈಗ ಎಲ್ಲಿದ್ದಾರೆ?” ಎಂದು ಕೇಳಿದೆ. “ಅವನು ಅಲ್ಲೇ ಉಳಿದ” ಎಂದರು. ಅಷ್ಟು ವರ್ಷ ಅವರು ನಮಗೆ ಹೇಳುತ್ತಿದ್ದುದು ಯಾರ ಕಥೆಯನ್ನು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಸರಣಿಯ ಉದ್ದ ಮಾಡುವ ಕೆಲಸ

ಒಂದು ಸಣ್ಣಕಥೆಯಲ್ಲಿ ನಗೆಮಾತು ಒಮ್ಮೆ ಬಂದು ಹೋಗುತ್ತದೆ. ಸರಣಿಯಲ್ಲಿ ಅದೇ ಮಾತು ಎರಡನೆಯ ಸಂಪುಟದಲ್ಲಿ ಮತ್ತೆ ಬಂದಾಗ ಹಳೆಯ ಪರಿಚಯದ ನಗೆಯಾಗುತ್ತದೆ, ಮೂರನೆಯದರಲ್ಲಿ ಆ ತುಕಡಿಯ ಮನೆಮಾತಾಗುತ್ತದೆ. ಪ್ರತಿ ಮನೆಯಲ್ಲೂ ಹೊರಗಿನವರಿಗೆ ಅರ್ಥವಾಗದ ಇಂಥ ಒಂದೆರಡು ಮಾತುಗಳಿರುತ್ತವೆ. ಅವನ್ನು ಕೇಳಿ ನಗಬಲ್ಲವರು ಮನೆಯವರು. ನಾಲ್ಕೈದು ಸಂಪುಟ ಓದಿದವನು ಅರಿವಿಲ್ಲದೆಯೇ ಆ ತುಕಡಿಯವನಾಗಿರುತ್ತಾನೆ. ಕರಾಳ ಸರಣಿಯ ಲೇಖಕನಿಗೆ ಬೇಕಾದದ್ದೂ ಅದೇ. ಯಾಕೆಂದರೆ ಅಪರಿಚಿತರು ಸಾವಿರ ಸತ್ತರೂ ಅದೊಂದು ಅಂಕಿಯಷ್ಟೇ, ಜೊತೆಯಲ್ಲಿ ನಕ್ಕವನು ಸತ್ತರೆ ಪುಸ್ತಕ ಕೆಳಗಿಡಬೇಕಾಗುತ್ತದೆ.

ಜಾನ್ ಸ್ಕಾಲ್ಜಿಯವರ ಸರಣಿಯ ಮೊದಲ ಕಾದಂಬರಿ, 2005ರ ‘ಓಲ್ಡ್ ಮ್ಯಾನ್ಸ್ ವಾರ್’, ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಸೈನ್ಯಕ್ಕೆ ಸೇರುವ ವಯಸ್ಸು 75. ನಾಯಕ ತನ್ನ ಹುಟ್ಟುಹಬ್ಬದಂದು ಮೊದಲು ಹೆಂಡತಿಯ ಸಮಾಧಿಗೆ ಹೋಗುತ್ತಾನೆ, ಆಮೇಲೆ ಸೈನ್ಯಕ್ಕೆ ಸೇರುತ್ತಾನೆ. ಅಂತರಿಕ್ಷದ ಹಡಗಿನಲ್ಲಿ ಜೊತೆಯಾದ ಏಳು ಮಂದಿ ವೃದ್ಧರು ತಮ್ಮ ಕೂಟಕ್ಕೆ ‘ಮುದಿಗೂಬೆಗಳು’ ಎಂಬಂಥ ಹೆಸರಿಟ್ಟುಕೊಳ್ಳುತ್ತಾರೆ. ಅವರಿಗೆ ಹಸಿರು ಚರ್ಮದ ಹೊಸ ತರುಣ ದೇಹ ಸಿಗುತ್ತದೆ, ತಲೆಯೊಳಗೊಂದು ಕಂಪ್ಯೂಟರ್ ಕೂರುತ್ತದೆ. ಅದು ತನಗೊಂದು ಹೆಸರಿಡಿ ಎಂದಾಗ ನಾಯಕ ಕಿರಿಕಿರಿಯಿಂದ ಒಂದು ಬೈಗುಳವನ್ನೇ ಹೆಸರಾಗಿಡುತ್ತಾನೆ; ಆಮೇಲೆ ಆ ಹೆಸರೇ ಅಂಟಿಕೊಳ್ಳುತ್ತದೆ.

ತರಬೇತಿಯ ಭಾಗದಲ್ಲಿ ಒಂದು ದೃಶ್ಯವಿದೆ. ಒರಟು ಸಾರ್ಜೆಂಟನ ಎದೆಯೊಳಗೆ ಮಮತೆ ಅಡಗಿರುತ್ತದೆ ಎಂಬುದನ್ನು ಸಿನಿಮಾಗಳಲ್ಲಿ ನೋಡಿಯೇ ಬಂದವರು ಈ ಸೈನಿಕರು. ಅದನ್ನು ಬಲ್ಲ ಸಾರ್ಜೆಂಟ್, ತನ್ನೊಳಗೆ ಅಂಥದ್ದೇನೂ ಇಲ್ಲ, ನಿಮ್ಮನ್ನು ಕಂಡರೆ ನಿಜವಾಗಿಯೂ ಆಗದು ಎಂದು ಮೊದಲೇ ಹೇಳುತ್ತಾನೆ. ಸಾಲಿನಲ್ಲಿ ನಿಂತ ಒಬ್ಬೊಬ್ಬರನ್ನೂ ವಿಚಾರಿಸಿ ದ್ವೇಷಕ್ಕೊಂದು ಕಾರಣ ಹುಡುಕುತ್ತಾನೆ. ನಾಯಕನ ಸರದಿ ಬಂದಾಗ ಅವನು ಜಾಹೀರಾತು ಬರೆಯುತ್ತಿದ್ದವನೆಂದು ತಿಳಿಯುತ್ತದೆ. ಟೈರ್ ಕಂಪನಿಯೊಂದಕ್ಕೆ ಅವನು ಬರೆದ ಸಾಲನ್ನೇ ಸಾರ್ಜೆಂಟ್ ಬಾಳಿನ ಮಂತ್ರ ಮಾಡಿಕೊಂಡಿರುತ್ತಾನೆ. ದ್ವೇಷಿಸಲು ದಾರಿಯೇ ಇಲ್ಲದಾಗಿ, ನಾಯಕನ ಕೊರಳಿಗೆ ಬೇಡದ ಮುಂದಾಳುತನ ಬೀಳುತ್ತದೆ.

ಇಷ್ಟೆಲ್ಲ ನಕ್ಕ ಮೇಲೆ ಯುದ್ಧ. ಏಳು ಮುದಿಗೂಬೆಗಳು ಬೇರೆ ಬೇರೆ ತುಕಡಿಗಳಿಗೆ ಹಂಚಿಹೋಗುತ್ತಾರೆ. ಒಬ್ಬೊಬ್ಬರ ಸಾವಿನ ಸುದ್ದಿ ಬರತೊಡಗುತ್ತದೆ. ಬದುಕಿರುವವರು ಪರಸ್ಪರ ಪತ್ರ ಬರೆಯುವಾಗ ಆ ಕೂಟದ ಹೆಸರು ಹಾಗೆಯೇ ಇರುತ್ತದೆ, ಅದಕ್ಕೆ ಓಗೊಡುವವರು ಕಡಿಮೆಯಾಗುತ್ತ ಹೋಗುತ್ತಾರೆ. ಲೇಖಕ ಇಲ್ಲಿ ದುಃಖದ ಪದಗಳನ್ನು ಹೆಚ್ಚು ಬಳಸಬೇಕಾಗಿಯೇ ಇಲ್ಲ.

ಹನ್ನೊಂದನೆಯ ದಿನದ ತಿಥಿಯಲ್ಲಿ ಊಟಕ್ಕೆ ಕುಳಿತ ನೆಂಟರು ತೀರಿಕೊಂಡವರ ಪೇಚಾಟಗಳನ್ನು ನೆನೆದು ನಗುವುದುಂಟು. ಸಾಲಿನ ಒಂದು ತುದಿಯಲ್ಲಿ ಶುರುವಾದ ನಗು ಇನ್ನೊಂದು ತುದಿ ಮುಟ್ಟುವ ಹೊತ್ತಿಗೆ ಯಾರೋ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುತ್ತಾರೆ. ಅಲ್ಲಿ ಗಂಟೆಯೊಳಗೆ ನಡೆಯುವುದನ್ನು ಸರಣಿ ವರ್ಷಗಟ್ಟಲೆ ಹರಡಿ ನಡೆಸುತ್ತದೆ.

ಉತ್ತರಕುಮಾರನ ಮುಂದಿನ ಕಥೆಯೂ ಇದೇ. ಬೃಹನ್ನಳೆಯ ಕೈಗೆ ಸಿಕ್ಕು ಹಿಂದಿರುಗಿದವನು ಆಮೇಲೆ ಅರ್ಜುನನ ಸಾರಥಿಯಾಗಿ ಅದೇ ಸೈನ್ಯದ ಮುಂದೆ ನಿಲ್ಲುತ್ತಾನೆ. ಕುರುಕ್ಷೇತ್ರದಲ್ಲಿ ಪಾಂಡವರ ಪರವಾಗಿ ಹೋರಾಡುತ್ತಾನೆ. ಯುದ್ಧದ ಮೊದಲ ದಿನವೇ ಶಲ್ಯನ ಕೈಯಲ್ಲಿ ಸಾಯುತ್ತಾನೆ. ಆ ದಿನ ಅವನು ಓಡಲಿಲ್ಲ. ಒಲೆಯ ಮುಂದಿನ ಪೌರುಷವನ್ನು ಗಾದೆಯಾಗಿಸಿಕೊಂಡ ನಾವು ಈ ಭಾಗವನ್ನು ಮರೆತಿದ್ದೇವೆ, ಅದು ಅವನಿಗೆ ಸಲ್ಲಬೇಕಾದ ನೆನಪು.

ನಗು ಕೆಡುವುದು ಎಲ್ಲಿ

ಎಲ್ಲ ಲೇಖಕರಿಗೂ ಈ ಹದ ಸಿಗುವುದಿಲ್ಲ. ತುಕಡಿಯ ಪ್ರತಿಯೊಬ್ಬನೂ ಒಂದೇ ಬಗೆಯ ಚುರುಕು ಮಾತಾಡತೊಡಗಿದರೆ ಅಲ್ಲಿ ಮಾತಾಡುತ್ತಿರುವವನು ಲೇಖಕ ಎಂದು ಓದುಗನಿಗೆ ಗೊತ್ತಾಗಿಬಿಡುತ್ತದೆ. ಸಾವಿನ ಬೆನ್ನಿಗೇ ನಗೆಮಾತು ಬಂದು ಆ ಸಾವಿಗೆ ಉಸಿರಾಡಲು ಜಾಗವೇ ಇಲ್ಲದಂತಾದರೆ ಹುಳಿಗೆ ಬೆಲ್ಲ ಜಾಸ್ತಿಯಾಯಿತು ಎಂದರ್ಥ. ಶತ್ರುವಿನ ರೂಪವನ್ನೋ ಬಡ ಗ್ರಹದ ಜನರ ಮಾತನ್ನೋ ಹೀಯಾಳಿಸಿ ನಗಿಸುವ ಪುಸ್ತಕಗಳೂ ಇವೆ. ಅಂಥವನ್ನು ನಾನು ಅರ್ಧಕ್ಕೇ ಬಿಟ್ಟಿದ್ದೇನೆ. ಚೆನ್ನಾಗಿ ಬರೆದ ಸರಣಿಗಳಲ್ಲಿ ನಗುವಿನ ಬಾಣ ಬಹುಮಟ್ಟಿಗೆ ಮೇಲ್ಮುಖವಾಗಿರುತ್ತದೆ, ಅಂದರೆ ಆಜ್ಞೆ ಕೊಡುವವರ ಕಡೆಗೆ, ಇಲ್ಲವೇ ಮಾತಾಡುತ್ತಿರುವವನ ಸ್ವಂತ ಭಯದ ಕಡೆಗೆ.

ಕಳೆದ ಭಾನುವಾರ ಅಕ್ಕನ ಮಗ ಕೊನೆಗೂ ಆ ಪುಸ್ತಕವನ್ನು ಅಡುಗೆಮನೆಗೆ ಒಯ್ದು, ಸಾರ್ಜೆಂಟನ ಪ್ರಸಂಗವನ್ನು ತಾಯಿಗೆ ಕನ್ನಡದಲ್ಲಿ ಹೇಳುತ್ತ ಹೋದ. ಟೈರಿನ ಜಾಹೀರಾತಿನ ಭಾಗಕ್ಕೆ ಬಂದಾಗ ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಚೆನ್ನಾಗಿ ನಕ್ಕಳು. ನಗು ಮುಗಿದ ಮೇಲೆ, “ಆ ಏಳು ಜನ ಮುದುಕ್ರು, ಅವ್ರೆಲ್ಲ ಕೊನೇತನಕ ಇರ್ತಾರೆ ತಾನೆ?” ಎಂದು ಕೇಳಿದಳು. ಅವನು ಪುಟದ ಮೂಲೆಯನ್ನು ಮಡಚಿ ಪುಸ್ತಕ ಮುಚ್ಚಿದ. ಮುಂದಿನದನ್ನು ನಾಳೆ ಹೇಳುತ್ತೇನೆ ಎಂದ.